ಅಂಗೈಯಲ್ಲಿ ಕೊಬ್ಬರಿ ಧಾರಣೆ: ಐದು ವರ್ಷ ಬಳಸಿದವಳ ಅನುಭವ

ನಮ್ಮ ಅಡುಗೆಮನೆಯ ಮೇಲೆ ಒಂದು ಅಟ್ಟವಿದೆ. ತೋಟದಲ್ಲಿ ಕೆಡವಿದ ಕಾಯಿ ಸಿಪ್ಪೆಸಮೇತ ಅಲ್ಲಿಗೆ ಏರಿ, ಒಲೆಯ ಹೊಗೆ ಕುಡಿಯುತ್ತ ಹತ್ತು ಹನ್ನೊಂದು ತಿಂಗಳು ಕೂರುತ್ತದೆ. ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದಾಗ ಗಿಟುಕು ಚಿಪ್ಪಿಗೆ ಬಡಿದು ಸದ್ದು ಮಾಡಿದರೆ ಕೊಬ್ಬರಿಯಾಯಿತು ಎಂದು ಲೆಕ್ಕ. ತಿಪಟೂರು ಸೀಮೆಯ ಸಣ್ಣ ರೈತರಿಗೆ ಈ ಅಟ್ಟವೇ ಉಳಿತಾಯದ ಪೆಟ್ಟಿಗೆ. ಪೆಟ್ಟಿಗೆಯನ್ನು ಯಾವ ವಾರ ತೆರೆಯಬೇಕು ಎಂಬುದರ ಮೇಲೆ ಇಡೀ ವರ್ಷದ ಬದುಕು ನಿಂತಿದೆ. ಆ ಒಂದು ನಿರ್ಧಾರಕ್ಕೆ ಮೊಬೈಲಿನಲ್ಲಿ ಸಿಗುವ ಪೇಟೆ ಧಾರಣೆ ಎಷ್ಟು ನೆರವಾಯಿತು, ಎಲ್ಲಿ ದಾರಿ ತಪ್ಪಿಸಿತು ಎಂಬುದನ್ನು ನನ್ನಂತಹ ಇತರರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ನಮ್ಮದು ಎರಡು ಎಕರೆ ಚಿಲ್ಲರೆ ತೋಟ. ಎಪ್ಪತ್ತಾರು ಫಲ ಬರುವ ಮರಗಳಿವೆ. ನುಸಿಪೀಡೆ, ಕಾಂಡ ಸೋರುವ ರೋಗ, ಈಚಿನ ಬಿಳಿನೊಣ ಎಲ್ಲವೂ ತಮ್ಮ ಪಾಲು ತೆಗೆದುಕೊಂಡ ಮೇಲೆ ವರ್ಷಕ್ಕೆ ಏಳು ಕ್ವಿಂಟಲ್ ಆಸುಪಾಸು ಉಂಡೆ ಕೊಬ್ಬರಿ ಕೈಗೆ ಬರುತ್ತದೆ. ಯಜಮಾನರು ತುಮಕೂರಿನಲ್ಲಿ ಕೆಲಸಕ್ಕಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ತೋಟ, ಅಟ್ಟ, ಮಾರಾಟ ಮೂರೂ ನನ್ನ ಹೊಣೆ.

ಸ್ಮಾರ್ಟ್‌ಫೋನ್ ನಮ್ಮ ಮನೆಗೆ ಬಂದದ್ದು ಧಾರಣೆ ನೋಡುವುದಕ್ಕಲ್ಲ. 2020ರಲ್ಲಿ ಶಾಲೆ ಮುಚ್ಚಿ, ಮಗಳ ಪಾಠವೆಲ್ಲ ಮೊಬೈಲಿಗೆ ಬಂದಾಗ ಎರಡು ಕುರಿ ಮಾರಿ ಕೊಂಡೆವು. ಶಾಲೆ ಮತ್ತೆ ತೆರೆದ ಮೇಲೆ ಅದು ನನ್ನ ಕೈಗೆ ಉಳಿಯಿತು. ಬಳಸುವುದನ್ನು ಕಲಿಸಿದವಳೂ ಮಗಳೇ.

ಅದಕ್ಕೂ ಹಿಂದಿನ ದಿನಗಳನ್ನು ಹೇಳದೆ ಇದರ ಬೆಲೆ ತಿಳಿಯುವುದಿಲ್ಲ. ನನ್ನ ಮಾವನವರ ಕಾಲದಲ್ಲಿ ಧಾರಣೆ ಎಂದರೆ ರೇಡಿಯೊ, ಇಲ್ಲವೇ ಹಿಂದಿನ ದಿನದ ಪತ್ರಿಕೆ, ಅದೂ ಇಲ್ಲದಿದ್ದರೆ ಊರಿಗೆ ಬರುವ ವ್ಯಾಪಾರಿಯ ಬಾಯಿ. ವ್ಯಾಪಾರಿ ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, ಒಂದು ಗಿಟುಕನ್ನು ಒಡೆದು ಮೂಸಿ ನೋಡಿ, "ಏನು ಮಾಡುವುದು ಗೌಡರೆ, ಪೇಟೆ ಬಿದ್ದುಹೋಗಿದೆ" ಎನ್ನುತ್ತಿದ್ದ. ಪೇಟೆ ಬಿದ್ದದ್ದು ನಿಜವೋ ಸುಳ್ಳೋ ಎಂದು ನೋಡಲು ಮಾವನವರು ಒಂದು ದಿನದ ಕೆಲಸ ಬಿಟ್ಟು, ಬಸ್ ಹತ್ತಿ ತಿಪಟೂರಿಗೆ ಹೋಗಿಬರಬೇಕಿತ್ತು. ಹೋಗಿಬರುವಷ್ಟರಲ್ಲಿ ವ್ಯಾಪಾರಿ ಪಕ್ಕದ ಮನೆಯಲ್ಲಿ ಕೊಂಡು ಮುಂದಿನ ಊರಿಗೆ ಹೊರಟಿರುತ್ತಿದ್ದ. ಆ ಮನುಷ್ಯನನ್ನು ನಾನು ದೂರುವುದಿಲ್ಲ, ಅವನಿಗೂ ಹೊಟ್ಟೆಪಾಡು. ಆದರೆ ಜಗಲಿಯ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಧಾರಣೆ ಗೊತ್ತಿತ್ತು. ವ್ಯಾಪಾರ ಅಲ್ಲಿಯೇ ಮುಗಿದಿರುತ್ತಿತ್ತು.

ಈಗ ಜಗಲಿಯ ಮೇಲೆ ಇಬ್ಬರಿಗೂ ಗೊತ್ತಿದೆ. ಕಳೆದ ವರ್ಷ ಒಬ್ಬ ವ್ಯಾಪಾರಿ ಮನೆಗೆ ಬಂದು ಒಂದು ಬೆಲೆ ಹೇಳಿದಾಗ ನಾನು ಹಿಂದಿನ ಹರಾಜಿನ ಸಾಲನ್ನು ತೆರೆದು ಅವನ ಮುಂದೆ ಹಿಡಿದೆ. ಅವನು ಒಂದು ಕ್ಷಣ ನೋಡಿ, "ಸಾಗಣೆ ಕಳೆಯಬೇಕಲ್ಲ ಅಕ್ಕ" ಎಂದ. ಸರಿ, ಸಾಗಣೆ ಎಷ್ಟು ಎಂದು ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಅವನು ಮೊದಲು ಹೇಳಿದ್ದಕ್ಕಿಂತ ಕ್ವಿಂಟಲಿಗೆ 700 ರೂಪಾಯಿ ಮೇಲೆ ಮಾತು ನಿಂತಿತು. ನಾನು ಕೊಡಲಿಲ್ಲ, ಅದು ಬೇರೆ ಮಾತು. ಆದರೆ ಲೆಕ್ಕ ಹಾಕುವ ಮಾತುಕತೆ ಆ ಜಗಲಿಯ ಮೇಲೆ ನಡೆದದ್ದು ಅದೇ ಮೊದಲು.

ನಾನು ಹೆಚ್ಚು ಬಳಸುವುದು ಕರ್ನಾಟಕ ರಾಜ್ಯ ಕೃಷಿ ಮಾರಾಟ ಮಂಡಳಿಯ 'ಕೃಷಿ ಮಾರಾಟ ವಾಹಿನಿ' ಪುಟವನ್ನು. ಕನ್ನಡದಲ್ಲಿದೆ, ದುಡ್ಡು ಕೇಳುವುದಿಲ್ಲ. ಉತ್ಪನ್ನ ಆರಿಸಿದರೆ ಯಾವ ಮಾರುಕಟ್ಟೆಯಲ್ಲಿ ಯಾವ ದಿನ ಎಷ್ಟು ಮಾಲು ಬಂತು, ಯಾವ ಬೆಲೆಗೆ ಹೋಯಿತು ಎಂಬ ಸಾಲುಗಳು ಬರುತ್ತವೆ. ನಮ್ಮ ಕಡೆ ತಿಪಟೂರು, ಅರಸೀಕೆರೆ, ತುಮಕೂರು ಮೂರನ್ನೂ ಒಟ್ಟಿಗೆ ನೋಡುತ್ತೇನೆ. ಇಡೀ ದೇಶದ ಮಾರುಕಟ್ಟೆಗಳ ಬೆಲೆ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ 2000ದಿಂದಲೂ ಇದೆ. ಆದರೆ ಏಳು ಕ್ವಿಂಟಲ್ ಇರುವ ನನಗೆ ಮೂರು ಊರಿನ ಸುದ್ದಿ ಸಾಕು.

ಈ ಪುಟವನ್ನು ಓದುವ ಬಗೆ ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಸದಾಗಿ ನೋಡುವವರೆಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಪ್ರತಿ ಸಾಲಿನಲ್ಲಿ ಮೂರು ಬೆಲೆಗಳಿರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಕಣ್ಣು ನೇರವಾಗಿ ಗರಿಷ್ಠಕ್ಕೆ ಹೋಗುತ್ತದೆ. ಕ್ವಿಂಟಲಿಗೆ ಕನಿಷ್ಠ 13,000, ಗರಿಷ್ಠ 15,500, ಮಾದರಿ 14,200 ಎಂದಿದ್ದರೆ ಊರೆಲ್ಲ "ಕೊಬ್ಬರಿ ಹದಿನೈದೂವರೆ ಆಯಿತಂತೆ" ಎಂದು ಸುದ್ದಿಯಾಗುತ್ತದೆ. ಆ ಹದಿನೈದೂವರೆ ಯಾರೋ ಒಬ್ಬರ, ಒಂದೇ ಗಾತ್ರದ, ಕಲೆಯಿಲ್ಲದ, ಚೆನ್ನಾಗಿ ಒಣಗಿದ ಗಿಟುಕಿನ ನಾಲ್ಕು ಚೀಲಕ್ಕೆ ಬಂದದ್ದಾಗಿರಬಹುದು. ಮಾದರಿ ಬೆಲೆ ಎಂದರೆ ಆ ದಿನ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು. ನನ್ನ ಕೊಬ್ಬರಿ ಹೆಚ್ಚಿನವರ ಕೊಬ್ಬರಿಯಂತೆಯೇ ಇದೆ. ಒಂದಷ್ಟು ದಪ್ಪ, ಒಂದಷ್ಟು ಸಣ್ಣದು, ನೂರಕ್ಕೆ ಐದಾರು ಕೌಟು ಹಿಡಿದದ್ದು. ಆದ್ದರಿಂದ ನನ್ನ ಬೆಲೆ ಮಾದರಿ ಬೆಲೆ. ಗರಿಷ್ಠವನ್ನು ಮನಸ್ಸಿನಲ್ಲಿಟ್ಟುಕೊಂಡು ಮಂಡಿಗೆ ಹೋದವರು ಮೋಸ ಹೋದೆವೆಂದು ಬೈದುಕೊಂಡು ಮರಳುತ್ತಾರೆ. ಅಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ನೋಡಬಾರದ ಅಂಕಣವನ್ನು ನೋಡಿ ಹೊರಟಿರುತ್ತಾರೆ ಅಷ್ಟೆ.

ಇನ್ನೊಂದು ಅಂಕಣ ಆವಕ, ಅಂದರೆ ಆ ದಿನ ಮಾರುಕಟ್ಟೆಗೆ ಬಂದ ಮಾಲು. ಇದನ್ನು ಯಾರೂ ನೋಡುವುದಿಲ್ಲ. ನನಗೆ ಮಾತ್ರ ಬೆಲೆಗಿಂತ ಹೆಚ್ಚು ಕಲಿಸಿದ್ದು ಇದೇ. ಆವಕ ಹೆಚ್ಚಿದ ದಿನ ಬೆಲೆ ಸ್ವಲ್ಪ ಇಳಿಯುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆವಕ ಹೆಚ್ಚಿಯೂ ಬೆಲೆ ನಿಂತಿದ್ದರೆ ಅಥವಾ ಏರಿದರೆ ಉತ್ತರ ಭಾರತದ ಕಡೆಯಿಂದ ರವಾನೆದಾರರಿಗೆ ಬೇಡಿಕೆ ಬಂದಿದೆ ಎಂದು ತಿಳಿಯಬಹುದು. ನಮ್ಮ ಉಂಡೆ ಕೊಬ್ಬರಿಯನ್ನು ಹಬ್ಬಕ್ಕೂ ಮದುವೆಗೂ ಬಳಸುವವರು ಹೆಚ್ಚಾಗಿ ಅಲ್ಲಿನವರು. ಆದರೆ ಆವಕ ಹೆಚ್ಚದಿದ್ದರೂ ಮಾದರಿ ಬೆಲೆ ಸತತ ಮೂರು ನಾಲ್ಕು ಹರಾಜಿನಲ್ಲಿ ಇಳಿಯುತ್ತ ಹೋದರೆ, ಕೊಳ್ಳುವವರೇ ಹಿಂದೆ ಸರಿದಿದ್ದಾರೆ ಎಂದರ್ಥ. ಆಗ ಮಾರುವುದಕ್ಕೆಂದು ಅಟ್ಟದ ಕಡೆ ನೋಡಬೇಕು.

ಇದನ್ನು ತಿಳಿಯುವುದಕ್ಕೆ ಒಂದು ದಿನದ ಬೆಲೆ ಸಾಲದು. ಮೊಬೈಲ್ ತೋರಿಸುವುದು ಆ ದಿನದ್ದನ್ನು. ಹಿಂದಿನದನ್ನು ಹುಡುಕಿ ತೆಗೆಯಬಹುದು, ಆದರೆ ಅಷ್ಟೊಂದು ಒತ್ತಿ ಹುಡುಕುವ ತಾಳ್ಮೆ ಸಂಜೆಯ ಹಾಲು ಕರೆಯುವ ಹೊತ್ತಿನಲ್ಲಿ ಯಾರಿಗಿರುತ್ತದೆ? ಹಾಗಾಗಿ ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಗೆರೆ ಹಾಕಿಕೊಂಡೆ. ವಾರಕ್ಕೆ ಎರಡು ಹರಾಜು. ದಿನಾಂಕ, ಆವಕ, ಮಾದರಿ ಬೆಲೆ, ಮೂರು ಅಂಕಿ. ಬರೆಯಲು ಎರಡು ನಿಮಿಷ. ಈ ನೋಟ್‌ಬುಕ್ ಇಲ್ಲದಿದ್ದರೆ ಮೊಬೈಲಿನ ಧಾರಣೆ ನನಗೆ ಹವಾಮಾನದಂತೆ ಬಂದುಹೋಗುವ ಸುದ್ದಿಯಾಗಿ ಉಳಿಯುತ್ತಿತ್ತು.

ನೋಟ್‌ಬುಕ್ ಶುರುವಾದದ್ದು ಎರಡು ಏಟು ತಿಂದ ಮೇಲೆ.

ಮೊದಲನೆಯದು 2021ರದ್ದು. ಆಗ ನಾನು ಹೆಚ್ಚು ನಂಬಿದ್ದು ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಕಡೆಯವರು ಮಾಡಿಕೊಂಡಿದ್ದ ಒಂದು ಗುಂಪನ್ನು. ಇನ್ನೂರಕ್ಕೂ ಹೆಚ್ಚು ಜನ ಇದ್ದರು. ಹರಾಜು ಮುಗಿದ ಹತ್ತು ನಿಮಿಷದಲ್ಲಿ ಯಾರಾದರೂ ಧಾರಣೆ ಹಾಕುತ್ತಿದ್ದರು, ಆ ವೇಗ ಬೇರೆಲ್ಲಿಯೂ ಇಲ್ಲ. ಒಂದು ಬೆಳಿಗ್ಗೆ ಒಂದು ಚೀಟಿಯ ಫೋಟೊ ಬಂತು. ಅಂದಿನ ಬೆಲೆಗಿಂತ ಕ್ವಿಂಟಲಿಗೆ 1,400 ರೂಪಾಯಿ ಹೆಚ್ಚಿತ್ತು. ಕೆಳಗೆ ನಲವತ್ತು ಜನ ಕೈಮುಗಿದಿದ್ದರು. ಮನೆಯಲ್ಲಿ ಸುಲಿದು ಒಡೆದಿಟ್ಟ ಎರಡು ಕ್ವಿಂಟಲ್ ಇತ್ತು. ಲಗೇಜ್ ಆಟೊಗೆ 600 ರೂಪಾಯಿ ಮಾತಾಡಿ ಹೇರಿಕೊಂಡು ಹೋದೆ. ಮಂಡಿಯಲ್ಲಿ ಕೇಳಿದರೆ ಅಂತಹ ಬೆಲೆಯೇ ಇಲ್ಲ. ಚೀಟಿ ಎಂದಿನದೋ! ದಿನಾಂಕದ ಭಾಗವನ್ನು ಬಿಟ್ಟು ಫೋಟೊ ತೆಗೆದಿದ್ದರು, ಅದು ಎಲ್ಲೆಲ್ಲಿಯೋ ಸುತ್ತಿ ನಮ್ಮ ಗುಂಪಿಗೆ ಬಂದಿತ್ತು. ಹಾಕಿದವರಿಗೂ ಗೊತ್ತಿರಲಿಲ್ಲ.

ಇ-ಟೆಂಡರಿನಲ್ಲಿ, ಅಂದರೆ ಕಂಪ್ಯೂಟರಿನ ಮೂಲಕ ನಡೆಯುವ ಹರಾಜಿನಲ್ಲಿ, ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ರೈತರಿಗಿದೆ. ಆದರೆ ಬೇಡ ಎಂದರೆ ಚೀಲಗಳನ್ನು ಮನೆಗೆ ತರಬೇಕು, ಅದಕ್ಕೆ ಮತ್ತೆ 600. ಒಡೆದ ಮೇಲೆ ಕೊಬ್ಬರಿಯನ್ನು ಚಿಪ್ಪಿನೊಳಗಿದ್ದಂತೆ ಇಡಲು ಬರುವುದಿಲ್ಲ. ಗಾಳಿ ತಗುಲುತ್ತದೆ, ಇರುವೆ, ಇಲಿ, ಮಳೆಗಾಲವಾದರೆ ಬೂಷ್ಟು. ಒಪ್ಪಿ ಮಾರಿ ಬಂದೆ. ಅಂದಿನಿಂದ ಎರಡು ಕಟ್ಟುಪಾಡು ಹಾಕಿಕೊಂಡಿದ್ದೇನೆ. ದಿನಾಂಕ ಕಾಣದ ಧಾರಣೆ ಧಾರಣೆಯಲ್ಲ. ಮಾರುವುದೆಂದು ತೀರ್ಮಾನಿಸುವವರೆಗೆ ಚಿಪ್ಪು ಒಡೆಸುವುದಿಲ್ಲ.

ಎರಡನೆಯ ಏಟು ಇದಕ್ಕಿಂತ ದೊಡ್ಡದು, ಅದರಲ್ಲಿ ಯಾವ ಸುಳ್ಳೂ ಇರಲಿಲ್ಲ. 2022ರ ಆರಂಭದಲ್ಲಿ ಕೊಬ್ಬರಿ 16,000ದ ಮೇಲಿತ್ತು. ಮೊಬೈಲ್ ತೋರಿಸುತ್ತಿದ್ದದ್ದು ನಿಜವಾದ ಬೆಲೆಯೇ. ಆದರೆ ಬೆಲೆಯ ಜೊತೆಗೆ ಇನ್ನೂರು ಜನರ ಆಸೆಯೂ ಅದೇ ಪರದೆಯ ಮೇಲೆ ಬರುತ್ತಿತ್ತು. "ಇಪ್ಪತ್ತು ಆಗುತ್ತದೆ, ಯಾರೂ ಬಿಡಬೇಡಿ" ಎಂದು ಒಬ್ಬರು, "ನಾನಂತೂ ಹಬ್ಬದವರೆಗೆ ಮುಟ್ಟುವುದಿಲ್ಲ" ಎಂದು ಇನ್ನೊಬ್ಬರು. ಮಾವನವರು ಇದ್ದಿದ್ದರೆ ಅರ್ಧ ಕೊಟ್ಟುಬಿಡು ಎನ್ನುತ್ತಿದ್ದರು. ಆಗ ಅವರು ಇರಲಿಲ್ಲ. ನಾನು ಕಾದೆ. ಬೆಲೆ ಒಂದೇ ಸಲ ಬೀಳಲಿಲ್ಲ, ಬಿದ್ದಿದ್ದರೆ ಎಚ್ಚರವಾಗುತ್ತಿತ್ತು. ಇನ್ನೂರು, ಮುನ್ನೂರು ಎಂದು ಮೆಟ್ಟಿಲಿಳಿದಂತೆ ಇಳಿಯಿತು. ಪ್ರತಿ ಸಲವೂ ಮುಂದಿನ ವಾರ ಏರುತ್ತದೆ ಎನ್ನಿಸುತ್ತಿತ್ತು. ಕೊನೆಗೆ ಮಗಳ ಕಾಲೇಜಿನ ಶುಲ್ಕಕ್ಕೆಂದು 12,300ಕ್ಕೆ ಕೊಟ್ಟೆ. ಏಳು ಕ್ವಿಂಟಲಿಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಕೈಬಿಟ್ಟು ಹೋಯಿತು. ಇನ್ನೂ ಕಾದವರ ಗತಿ ನನಗಿಂತ ಕಷ್ಟವಾಯಿತು. 2023ರಲ್ಲಿ ಪೇಟೆ 8,000ದ ಆಸುಪಾಸಿಗೆ ಬಂತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 11,750 ಇತ್ತು, ಪೇಟೆ ಅದಕ್ಕಿಂತ ಮೂರು ಸಾವಿರಕ್ಕೂ ಹೆಚ್ಚು ಕೆಳಗೆ. ಬೆಂಬಲ ಬೆಲೆಯ ಖರೀದಿಗಾಗಿ ತಿಪಟೂರಿನಲ್ಲಿ ರೈತರು ಧರಣಿ ಕುಳಿತ ವರ್ಷ ಅದು.

ಆ ದಿನಗಳಲ್ಲಿ ನಮ್ಮ ಊರಿನಲ್ಲಿ ಮೊಬೈಲ್ ನೋಡುವುದನ್ನೇ ಬಿಟ್ಟವರಿದ್ದಾರೆ. ನೋಡಿದರೆ ಸಂಕಟ ಎಂದು. ನನಗೆ ಅದು ಸರಿಯೆನಿಸಲಿಲ್ಲ. ಬೆಲೆ ಬಿದ್ದದ್ದು ಮೊಬೈಲಿನ ತಪ್ಪಲ್ಲ. ಇಳಿಯುತ್ತಿರುವುದನ್ನು ಅದು ಪ್ರತಿ ಹರಾಜಿನಲ್ಲೂ ನನಗೆ ಹೇಳಿತ್ತು, ನಾನು ಬಿಡಿ ಬಿಡಿಯಾಗಿ ಕೇಳಿಸಿಕೊಂಡೆ. ಒಂದರ ಕೆಳಗೊಂದು ಬರೆದು ನೋಡಿದ್ದರೆ ಮೂರನೆಯ ವಾರಕ್ಕೇ ತಿಳಿಯುತ್ತಿತ್ತು. ನೋಟ್‌ಬುಕ್ಕಿನ ಮೊದಲ ಪುಟ ಆಗ ಶುರುವಾಯಿತು.

ನಡುವೆ ಒಂದು ಕಂಪನಿಯ ಆ್ಯಪನ್ನೂ ಬಳಸಿದೆ. ಹೆಸರು ಬರೆಯುವುದಿಲ್ಲ. ನೋಡಲು ಅಂದವಾಗಿತ್ತು, ಹಸಿರು ಬಣ್ಣ, ದೊಡ್ಡ ಅಕ್ಷರ. ಮೊದಲ ವಾರವೇ ಗೊಬ್ಬರ ಬೇಕೆ, ಸಾಲ ಬೇಕೆ ಎಂದು ಕರೆಗಳು ಶುರುವಾದವು. ಅದನ್ನೂ ಸಹಿಸಬಹುದಿತ್ತು. ಆದರೆ ಅದರಲ್ಲಿ ತೆಂಗಿನಕಾಯಿ ಮತ್ತು ಕೊಬ್ಬರಿ ಕಲಸಿಹೋಗಿದ್ದವು. ಕಾಯಿಯನ್ನು ಕೆಲವು ಕಡೆ ಸಾವಿರದ ಲೆಕ್ಕದಲ್ಲಿ, ಕೆಲವು ಕಡೆ ತೂಕದಲ್ಲಿ ಮಾರುತ್ತಾರೆ. ಕೊಬ್ಬರಿ ಕ್ವಿಂಟಲ್ ಲೆಕ್ಕ. ಎಣ್ಣೆಗೆ ಹೋಗುವ ಕೊಬ್ಬರಿಯೇ ಬೇರೆ, ಉಂಡೆ ಕೊಬ್ಬರಿಯೇ ಬೇರೆ, ಬೆಂಬಲ ಬೆಲೆಯನ್ನೂ ಸರ್ಕಾರ ಎರಡಕ್ಕೂ ಬೇರೆಬೇರೆಯಾಗಿ ಪ್ರಕಟಿಸುತ್ತದೆ. ಇವೆಲ್ಲವನ್ನೂ ಒಂದೇ ಹೆಸರಿನ ಕೆಳಗೆ ಇಟ್ಟು 'ರಾಜ್ಯದ ಸರಾಸರಿ' ಎಂದು ಒಂದು ಅಂಕಿ ಕೊಟ್ಟರೆ ಅದನ್ನು ಹಿಡಿದು ಯಾವ ಮಂಡಿಯಲ್ಲಿ ಮಾತಾಡುವುದು? ತೆಂಗಿನ ನಾಡನ್ನು ಒಮ್ಮೆ ಸುತ್ತಿ ಬಂದವರು ಮಾಡಿದ ಕೆಲಸ ಅದಲ್ಲ. ತೆಗೆದುಹಾಕಿದೆ.

ನಮ್ಮ ಅತ್ತೆಗೆ ಓದಲು ಬರುವುದಿಲ್ಲ, ಕಣ್ಣೂ ಮಂಜು. ಅವರ ಬಳಿ ಗುಂಡಿ ಒತ್ತುವ ಫೋನ್ ಇದೆ. ಧಾರಣೆಯ ವಿಷಯದಲ್ಲಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುತೂಹಲ ಅವರಿಗೆ, ಅರವತ್ತು ವರ್ಷ ಆ ಅಟ್ಟಕ್ಕೆ ಕಾಯಿ ಏರಿಸಿದವರು. ಅವರಿಗೆ ಒದಗಿದ್ದು ಕಿಸಾನ್ ಕಾಲ್ ಸೆಂಟರ್. 2004ರ ಜನವರಿಯಿಂದ ಇರುವ ಈ ಸೇವೆ ನಮ್ಮ ಊರಿನ ಎಷ್ಟೋ ಜನಕ್ಕೆ ಇಂದಿಗೂ ಗೊತ್ತಿಲ್ಲ. 1800-180-1551ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ, ರೋಗ, ಗೊಬ್ಬರದ ಜೊತೆಗೆ ಪೇಟೆ ಧಾರಣೆಯನ್ನೂ ಕೇಳಬಹುದು. ಮೊದಲ ಸಲ ಕರೆ ಮಾಡಿಕೊಟ್ಟಾಗ ಅತ್ತೆ ಧಾರಣೆ ಕೇಳುವ ಮೊದಲು ಆ ಕಡೆಯ ಹುಡುಗಿಯ ಊರು ಯಾವುದು, ಊಟವಾಯಿತೆ ಎಂದು ವಿಚಾರಿಸಿದರು. ಆ ಹುಡುಗಿ ತಾಳ್ಮೆಯಿಂದ ಉತ್ತರಿಸಿ, ಆಮೇಲೆ ತಿಪಟೂರಿನ ಧಾರಣೆ ಹೇಳಿದಳು. ಅತ್ತೆ ಫೋನ್ ಇಟ್ಟು, "ಒಳ್ಳೆಯ ಮಗು" ಎಂದರು. ಮೊಬೈಲ್ ಎಂದರೆ ಪರದೆ ಎಂದುಕೊಂಡಿರುವವರು ಧಾರಣೆಯ ಸೇವೆಗಳನ್ನು ಮಾಡುವಾಗ ಈ ತಲೆಮಾರಿನ ಹೆಂಗಸರನ್ನು ಮರೆತೇಬಿಡುತ್ತಾರೆ. ಧ್ವನಿ ಇವರಿಗೆ ಬೇಕು.

ಇಷ್ಟು ಹೇಳಿದರೂ ಎಲ್ಲ ಬೆಳೆಗೂ ಈ ಮಾತು ಹೊಂದುವುದಿಲ್ಲ. ನನ್ನ ತಂಗಿಯನ್ನು ಕೋಲಾರದ ಕಡೆ ಕೊಟ್ಟಿದೆ, ಅವರದು ಒಂದು ಎಕರೆ ಟೊಮೆಟೊ. ಅಲ್ಲಿ ಲೆಕ್ಕವೆಲ್ಲ ಹದಿನೈದು ಕಿಲೋದ ಬಾಕ್ಸ್‌ನಲ್ಲಿ. 2023ರ ಜುಲೈಯಲ್ಲಿ ಆ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹೊಲದಲ್ಲಿಯೇ ಬಿಟ್ಟ ವಾರಗಳನ್ನೂ ಅವಳು ಕಂಡಿದ್ದಾಳೆ. ಅವಳಿಗೆ ಅಟ್ಟವಿಲ್ಲ. ಹಣ್ಣಾದ ಟೊಮೆಟೊ ಕಾಯುವುದಿಲ್ಲ. "ನಿನಗೆ ಧಾರಣೆ ನೋಡಿ ಮಾರುವುದು, ನನಗೆ ಮಾರಿದ ಮೇಲೆ ಧಾರಣೆ ನೋಡುವುದು ಅಕ್ಕ" ಎಂದು ಒಮ್ಮೆ ಹೇಳಿದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಆದರೆ ಅವಳೂ ದಾರಿ ಕಂಡುಕೊಂಡಳು. ಬೆಳಿಗ್ಗೆ ಕೋಲಾರದ ಧಾರಣೆ, ಗಡಿಯಾಚೆಯ ಮದನಪಲ್ಲಿಯ ಧಾರಣೆ ಎರಡನ್ನೂ ವಿಚಾರಿಸುತ್ತಾಳೆ. ಆ ದಿನದ ಮಾಲಿಗೆ ಅದು ಉಪಯೋಗಕ್ಕೆ ಬಾರದು. ನಾಳೆ ಕೊಯ್ಯುವುದಕ್ಕೆ ಎಂಟು ಆಳು ಕರೆಯಬೇಕೋ ನಾಲ್ಕು ಸಾಕೋ, ಗಾಡಿಯನ್ನು ಯಾವ ದಿಕ್ಕಿಗೆ ತಿರುಗಿಸಬೇಕು ಎಂಬುದಕ್ಕೆ ಬರುತ್ತದೆ. ಒಂದು ತರಬೇತಿಯಲ್ಲಿ ಕೇಳಿದ ಕೇರಳದ ಮೀನುಗಾರರ ಕಥೆ ಇದೇ ಬಗೆಯದು. 1997ರಿಂದ 2001ರ ನಡುವೆ ಅಲ್ಲಿನ ಕರಾವಳಿಗೆ ಮೊಬೈಲ್ ಗೋಪುರಗಳು ಬಂದಾಗ, ಮತ್ತಿ ಮೀನು ಹಿಡಿದ ದೋಣಿಗಳು ಕಡಲಿನಿಂದಲೇ ಕರೆ ಮಾಡಿ ಯಾವ ದಡದಲ್ಲಿ ಕೊಳ್ಳುವವರಿದ್ದಾರೆ ಎಂದು ಕೇಳತೊಡಗಿದವು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರು, ಕೆಲವೇ ಮೈಲಿ ಆಚೆ ಮೀನು ಸಿಗದೆ ಜನ ಬರಿಗೈಯಲ್ಲಿ ಹೋಗುತ್ತಿದ್ದರು. ಅದನ್ನು ಅಧ್ಯಯನ ಮಾಡಿದ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಬರೆದಂತೆ, ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ನೂರಕ್ಕೆ ಎಂಟರಷ್ಟು ಏರಿತು, ಕೊಳ್ಳುವವರಿಗೂ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು. ಕೇಳಿ ಸಂತೋಷವಾಯಿತು. ಆದರೆ ಅವರು ದೋಣಿಯ ಮೇಲಿದ್ದರು, ಚುಕ್ಕಾಣಿ ಅವರ ಕೈಯಲ್ಲಿತ್ತು. ನಮ್ಮಲ್ಲಿ ಬಹಳ ಜನರ ಚುಕ್ಕಾಣಿ ಬೇರೆಯವರ ಕೈಯಲ್ಲಿದೆ.

ಮುಂಗಡದ ಮಾತು ಹೇಳುತ್ತಿದ್ದೇನೆ. ನಮ್ಮ ಬೀದಿಯಲ್ಲಿಯೇ ಒಬ್ಬರು ಬೋರ್‌ವೆಲ್ ಕೊರೆಸಲು ಮಂಡಿಯಿಂದ ಹಣ ತಂದಿದ್ದಾರೆ. ಅವರ ಕೊಬ್ಬರಿ ಆ ಮಂಡಿಗೇ ಹೋಗಬೇಕು, ಮಂಡಿಯವರು ಹೇಳಿದ ವಾರವೇ ಹೋಗಬೇಕು. ಅವರ ಮೊಬೈಲಿನಲ್ಲೂ ನನ್ನ ಮೊಬೈಲಿನಲ್ಲಿರುವ ಧಾರಣೆಯೇ ಇದೆ. ಅರಸೀಕೆರೆಯಲ್ಲಿ ಮುನ್ನೂರು ಹೆಚ್ಚಿದೆ ಎಂದು ನಾನು ಒಮ್ಮೆ ಉತ್ಸಾಹದಿಂದ ಹೇಳಿದಾಗ ಅವರು ನಕ್ಕು ಸುಮ್ಮನಾದರು. ಮತ್ತೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮೊಬೈಲ್ ಕೊಟ್ಟರೆ ರೈತರ ಕಷ್ಟ ತೀರುತ್ತದೆ ಎಂದು ವೇದಿಕೆಯ ಮೇಲೆ ಮಾತಾಡುವವರು ಈ ಬೀದಿಗೆ ಬರಬೇಕು. ಕಾಯುವ ಶಕ್ತಿ ಇದ್ದವರಿಗೆ ಧಾರಣೆ ಬಲ ಕೊಡುತ್ತದೆ, ಇಲ್ಲದವರಿಗೆ ನೋವನ್ನು ಅಂಕಿಯಲ್ಲಿ ತೋರಿಸುತ್ತದೆ. ಕಡಿಮೆ ಬಡ್ಡಿಗೆ ಸಹಕಾರ ಸಂಘದಲ್ಲಿ, ಕೊಬ್ಬರಿಯನ್ನೇ ಒತ್ತೆಯಿಟ್ಟು ಪಡೆಯುವ ಅಡಮಾನ ಸಾಲ ಸುಲಭವಾಗಿ ಸಿಕ್ಕರೆ, ಅದು ಯಾವ ಆ್ಯಪ್‌ಗಿಂತಲೂ ದೊಡ್ಡ ಧಾರಣೆ ಸೇವೆ.

ನನಗೆ ಕೊನೆಗೂ ಫಲ ಸಿಕ್ಕಿದ್ದು 2025ರಲ್ಲಿ. ನೋಟ್‌ಬುಕ್ಕಿನಲ್ಲಿ ಎರಡು ವರ್ಷಕ್ಕೂ ಮೇಲಿನ ಅಂಕಿಗಳಿದ್ದವು. ಆವಕ ಕಡಿಮೆಯಾಗುತ್ತಿದ್ದದ್ದು ಕಾಣುತ್ತಿತ್ತು, ಮಾದರಿ ಬೆಲೆ ಹರಾಜಿನಿಂದ ಹರಾಜಿಗೆ ಏರುತ್ತಿತ್ತು. ಈ ಸಲ ಎಲ್ಲವನ್ನೂ ಒಂದೇ ದಿನಕ್ಕೆ ಕಾಯಿಸಲಿಲ್ಲ. ಶಿವರಾತ್ರಿಯ ಹೊತ್ತಿಗೆ ಎರಡು ಕ್ವಿಂಟಲ್ 15,000 ಚಿಲ್ಲರೆಗೆ ಕೊಟ್ಟೆ, ಸಾಲದ ಕಂತು ಕಟ್ಟಿದೆ. ಯುಗಾದಿ ಕಳೆದ ಮೇಲೆ ಇನ್ನೆರಡು, 17,000ದ ಮೇಲೆ. ಉಳಿದ ಮೂರು ಕ್ವಿಂಟಲನ್ನು ಮುಂಗಾರು ಹಿಡಿದ ಮೇಲೆ, ಬೆಲೆ 20,000 ದಾಟಿದಾಗ ಕೊಟ್ಟೆ. ಹರಾಜಿನ ಬೆಲೆಯ ಸಂದೇಶ ಬಂದಾಗ ನಾನು ಹುಲ್ಲು ಕೊಯ್ಯುತ್ತಿದ್ದೆ. ಬದುವಿನ ಮೇಲೆ ಕುಳಿತು ಮೂರು ಸಲ ಓದಿದೆ. ಬೆಲೆ ಆಮೇಲೂ ಏರಿತು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಮಗಳ ಕೊನೆಯ ವರ್ಷದ ಶುಲ್ಕವನ್ನು ಯಾರ ಮುಂದೂ ಕೈಯೊಡ್ಡದೆ ಕಟ್ಟಿದೆ.

ಖರ್ಚಿನ ವಿಷಯಕ್ಕೆ ಬಂದರೆ, ತಿಂಗಳ ರೀಚಾರ್ಜ್ ಇನ್ನೂರು ರೂಪಾಯಿ ದಾಟಿದೆ. ಧಾರಣೆ ಒಂದಕ್ಕೇ ಎಂದರೆ ದುಬಾರಿ, ಮನೆಯವರೊಂದಿಗೆ ಮಾತಿಗೂ ಅದೇ ಎಂದರೆ ಸರಿ. ನಮ್ಮ ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲ, ತೋಟದ ತಂತಿ ಬೇಲಿಯ ಬಳಿ ಸಿಗುತ್ತದೆ.

ಈ ಸೇವೆಗಳನ್ನು ನಡೆಸುವ ಎಲ್ಲರಲ್ಲಿಯೂ ಕೆಲವು ಬೇಡಿಕೆಗಳಿವೆ. ದಿನಾಂಕವನ್ನು ಬೆಲೆಗಿಂತ ದೊಡ್ಡ ಅಕ್ಷರದಲ್ಲಿ ಹಾಕಿ. ಮಾದರಿ ಬೆಲೆಯನ್ನು ಮೊದಲಿಗೆ ತೋರಿಸಿ, ಗರಿಷ್ಠ ಆಮೇಲೆ ಬರಲಿ. ಹಿಂದಿನ ಎಂಟು ಹರಾಜಿನ ಬೆಲೆ ಮತ್ತು ಆವಕ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರಲಿ, ನನ್ನ ನೋಟ್‌ಬುಕ್ಕಿನಲ್ಲಿರುವಂತೆ. ಇದು ದೊಡ್ಡ ವಿದ್ಯೆಯಲ್ಲ. ಮತ್ತು ಹರಾಜಿನ ದಿನ ಸಂಜೆ, ಕೇಳಿಕೊಂಡವರ ಸಾದಾ ಫೋನಿಗೆ ಕನ್ನಡದ ಧ್ವನಿಯಲ್ಲಿ ಅರ್ಧ ನಿಮಿಷದ ಕರೆ ಬಂದು ಧಾರಣೆ ಹೇಳಲಿ.

ಅಲ್ಲಿಯವರೆಗೆ ನಮ್ಮ ಬೀದಿಯ ನಾಲ್ಕು ಮನೆಗಳ ಹೆಂಗಸರಿಗೆ ನಾನೇ ಹೇಳುತ್ತೇನೆ. ಹರಾಜಿನ ಸಂಜೆ ಹಾಲು ಹಾಕಲು ಡೇರಿಗೆ ಹೋದಾಗ ನೋಟ್‌ಬುಕ್ ಕೈಯಲ್ಲಿರುತ್ತದೆ. ನಾನು ಊರಲ್ಲಿ ಇಲ್ಲದ ದಿನಕ್ಕೆ ಬೇಕಾಗುತ್ತದೆಂದು, ಕಾಲ್ ಸೆಂಟರಿನ ಸಂಖ್ಯೆಯನ್ನು ಅತ್ತೆ ಡೇರಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎತ್ತುತ್ತಾರೆ.